ಗದ್ದಲವೂ ಅಶ್ವಶಕ್ತಿಯೂ

ಮೋಟಾರ್ ಸೈಕಲ್ಲಿನ ಸೈಲೆನ್ಸರನ್ನು ಕೊಯ್ಯಿಸಿ ಒಳಗಿನ ತಡೆತಗಡುಗಳನ್ನು ತೆಗೆಸುವ ಹವ್ಯಾಸ ಇಂದು ನಗರಗಳಿಗಷ್ಟೇ ಸೀಮಿತವಾಗಿಲ್ಲ. ಮದ್ದೂರು, ಕೊಪ್ಪ, ಬೆಸಗರಹಳ್ಳಿಗಳ ಕಡೆಯ ತರುಣರಿಗೂ ಅದು ಅಪರಿಚಿತವಲ್ಲ. ಅದಕ್ಕೆ ಕೊಡುವ ಕಾರಣವು ಮೇಲ್ನೋಟಕ್ಕೆ ಸರಿಯೆಂದೇ ತೋರುತ್ತದೆ. ತೂಬನ್ನು ಎತ್ತಿದಷ್ಟೂ ನಾಲೆಯ ನೀರು ಹೆಚ್ಚು ಹರಿಯುವುದೆಂಬುದು ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಹಾಗೆಯೇ ಹೊಗೆಯ ದಾರಿಯ ಅಡ್ಡಿಗಳನ್ನು ತೆಗೆದರೆ ಎಂಜಿನ್ನು ಸರಾಗವಾಗಿ ಉಸಿರಾಡಿ ಹೆಚ್ಚು ಶಕ್ತಿಯನ್ನು ಕೊಡಬೇಕಲ್ಲವೆ? ಈ ತರ್ಕವು ಎಲ್ಲಿ ಎಡವುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿಯುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲು ಸದ್ದಿನ ಲೆಕ್ಕವನ್ನು ನೋಡೋಣ. ಶಕ್ತಿ ಹೆಚ್ಚಿತೆಂದು ಹೇಳುವವರ ಮುಖ್ಯ ಸಾಕ್ಷಿ ಅವರ ಕಿವಿಯೇ. ಒಂದು ಬಂಡಿಯ ಸದ್ದು 1 ಮೀಟರು ದೂರದಲ್ಲಿ 110 ಡೆಸಿಬೆಲ್ ಇದೆಯೆಂದು ಭಾವಿಸಿದರೆ, ಅಲ್ಲಿ ಶಬ್ದದ ತೀವ್ರತೆ ಚದರ ಮೀಟರಿಗೆ 0.1 ವಾಟ್. 1 ಮೀಟರು ತ್ರಿಜ್ಯದ ಗೋಳದ ಮೇಲ್ಮೈ ಸುಮಾರು 12.6 ಚದರ ಮೀಟರು. ಎಂದರೆ, ಬೀದಿಯನ್ನೇ ನಡುಗಿಸುವ ಆ ಆರ್ಭಟದಲ್ಲಿ ಇರುವ ಶಕ್ತಿ ಸುಮಾರು 1.3 ವಾಟ್ ಮಾತ್ರ! ಒಂದು ಅಶ್ವಶಕ್ತಿಯೆಂದರೆ 746 ವಾಟ್ ಅಷ್ಟೆ. ಗದ್ದಲವು ಅದರ ಐನೂರರಲ್ಲಿ ಒಂದು ಪಾಲೂ ಅಲ್ಲ. ಕಿವಿಯು ಅಶ್ವಶಕ್ತಿಯನ್ನು ಅಳೆಯುವ ಉಪಕರಣವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಹರಿವಿನ ವಿಚಾರ. ನಾಲೆಯ ನೀರು ಎಡೆಬಿಡದೆ ಹರಿಯುತ್ತದೆ. ಎಂಜಿನ್ನಿನ ಹೊಗೆಯಾದರೋ ಬಿಟ್ಟುಬಿಟ್ಟು ಬಡಿಯುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಒಂಟಿ ಸಿಲಿಂಡರಿನ ಚತುರ್ಘಾತ ಎಂಜಿನ್ನಿನಲ್ಲಿ ಹೊಗೆಯ ಕವಾಟವು ಸೆಕೆಂಡಿಗೆ 50 ಸಲ ತೆರೆಯುತ್ತದೆ. ಪ್ರತಿಸಲವೂ ಒಂದು ಒತ್ತಡದ ಅಲೆ ಕೊಳವೆಯಲ್ಲಿ ಓಡಿ, ತೆರೆದ ತುದಿಯಿಂದ ವಿರಳನದ ಅಲೆಯಾಗಿ ಹಿಂದಿರುಗುತ್ತದೆ. ಅದು ತಕ್ಕ ಗಳಿಗೆಯಲ್ಲಿ ಕವಾಟವನ್ನು ಮುಟ್ಟಿದರೆ ಉಳಿದ ಹೊಗೆಯನ್ನು ಹೊರಕ್ಕೆಳೆದು ಹೊಸ ಮಿಶ್ರಣಕ್ಕೆ ದಾರಿಮಾಡಿಕೊಡುತ್ತದೆ. ಬಿಸಿ ಅನಿಲದಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರು, 0.75 ಮೀಟರು ಉದ್ದದ ಕೊಳವೆಯಲ್ಲಿ ಹೋಗಿಬರಲು 3 ಮಿಲಿಸೆಕೆಂಡು ಸಾಕು. ಅಷ್ಟರಲ್ಲಿ ಕ್ರ್ಯಾಂಕು 6000 ಸುತ್ತಿನ ವೇಗದಲ್ಲಿ 108 ಡಿಗ್ರಿ ತಿರುಗಿದರೆ, 3000 ಸುತ್ತಿನಲ್ಲಿ 54 ಡಿಗ್ರಿ ಮಾತ್ರ ತಿರುಗಿರುತ್ತದೆ. ಆದ್ದರಿಂದ ಯಾವ ಕೊಳವೆಯೂ ಎಲ್ಲ ವೇಗಗಳಿಗೂ ಸಮನಾಗಿ ಒಪ್ಪುವುದಿಲ್ಲ. ಹೊಗೆಗೆ ತಡೆಯಿದ್ದರೇ ಎಂಜಿನ್ನಿಗೆ ಒಳ್ಳೆಯದೆಂಬ ಮಾತೂ ತಪ್ಪು. ಬೇಕಾದದ್ದು ತಡೆಯಲ್ಲ, ಬರಿಯ ಬಯಲೂ ಅಲ್ಲ. ಅಲೆಯ ಸಕಾಲಿಕ ಆಗಮನ.

ದ್ವಿಘಾತ ಎಂಜಿನ್ನಿನಲ್ಲಿ ಈ ತತ್ತ್ವ ಇನ್ನೂ ನಿಚ್ಚಳ. ಪೂರ್ವ ಜರ್ಮನಿಯ ಎಂ.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು 1950ರ ದಶಕದಲ್ಲಿ, ಮೊದಲು ಅಗಲವಾಗುತ್ತ ಹೋಗಿ ಬಳಿಕ ಕಿರಿದಾಗುವ ಕೊಳವೆಯನ್ನು ಪರಿಷ್ಕರಿಸಿದನು. ಅಗಲವಾಗುವ ಭಾಗ ಹೊಗೆಯನ್ನು ಸೆಳೆಯುತ್ತದೆ. ಕಿರಿದಾಗುವ ಭಾಗ ಹೊರಗೆ ಜಾರಿದ ಹೊಸ ಮಿಶ್ರಣವನ್ನು ಸಿಲಿಂಡರಿಗೇ ಮರಳಿ ತಳ್ಳುತ್ತದೆ. 1961ರಲ್ಲಿ ಅವನ 125 ಸಿ.ಸಿ. ಎಂಜಿನ್ನು 25 ಅಶ್ವಶಕ್ತಿಯನ್ನು ನೀಡಿತು. ಅದೇ ವರ್ಷ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. 1996ರಲ್ಲಿ ಅದು ಮುಚ್ಚಿದರೂ ಅದರ ಜಾವಾ, ಯೆಜ್ಡಿ ಬಂಡಿಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅಂಥ ದ್ವಿಘಾತ ಬಂಡಿಯ ಸೈಲೆನ್ಸರಿನಲ್ಲಿ ಕಟ್ಟಿದ ಮಸಿಯನ್ನು ತೆಗೆಯುವುದು ಸುಧಾರಣೆಯೇ ಸರಿ. ಆದರೆ ಅಳತೆಯಿಲ್ಲದೆ ಕೊಳವೆಯನ್ನು ಕತ್ತರಿಸಿದರೆ ಪೆಟ್ರೋಲು ಉರಿಯದೆಯೇ ಹೊರಬೀಳಬಹುದು.

ಹೊಸ ಬಂಡಿಗಳ ವಿಷಯ ಬೇರೆ. 2020ರ ಏಪ್ರಿಲಿನಿಂದ ಜಾರಿಯಾದ ಬಿ.ಎಸ್.-6 ನಿಯಮಕ್ಕನುಗುಣವಾದ ಬಂಡಿಗಳ ಹೊಗೆಯ ದಾರಿಯಲ್ಲಿ ವಿಷಾನಿಲಗಳನ್ನು ಶುದ್ಧಗೊಳಿಸುವ ವೇಗವರ್ಧಕವೂ ಆಮ್ಲಜನಕವನ್ನು ಅಳೆಯುವ ಸಂವೇದಕವೂ ಇವೆ. ಅಲ್ಲಿ ಗರಗಸವಾಡಿದರೆ ಇಂಧನದ ಹದವೂ ಕೆಡಬಹುದು, ಊರಿನ ಗಾಳಿಯೂ ಕೆಡುವುದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸದ್ದನ್ನು ತಗ್ಗಿಸುವ ಸಾಧನವನ್ನು ಕಡ್ಡಾಯಗೊಳಿಸಿವೆ. ನಮ್ಮ ರಾಜ್ಯದ ಹಲವೆಡೆ ಪೊಲೀಸರು ಮಾರ್ಪಡಿಸಿದ ಸೈಲೆನ್ಸರುಗಳನ್ನು ರೋಡ್ ರೋಲರಿನಡಿ ಜಜ್ಜಿಸಿದ್ದಾರೆ. ತೊಟ್ಟಿಲ ಮಗುವಿಗೂ ಹಾಸಿಗೆಹಿಡಿದ ವೃದ್ಧರಿಗೂ ನಿದ್ರೆಯ ಹಕ್ಕಿದೆಯಾದ್ದರಿಂದ ಈ ಕಟ್ಟುನಿಟ್ಟನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ರೋಲರು ಕೊಳವೆಯನ್ನು ಜಜ್ಜೀತೇ ಹೊರತು ತಪ್ಪು ಕಲ್ಪನೆಯನ್ನಲ್ಲ. ಯಂತ್ರವನ್ನು ಉತ್ತಮಪಡಿಸಬೇಕೆಂಬ ತರುಣರ ಹಂಬಲ ಬೆಲೆಯುಳ್ಳದ್ದು. ಕಾಡೆನ್ನನಲ್ಲಿದ್ದದ್ದೂ ಅದೇ ಹಂಬಲ. ಅವನ ಬಳಿ ಅಳತೆಯಿತ್ತು, ನಮ್ಮವರ ಬಳಿ ಗರಗಸವಷ್ಟೇ ಇದೆ. ಮಂಡ್ಯದಲ್ಲಿ 1962ರಿಂದಲೂ ಎಂಜಿನಿಯರಿಂಗ್ ಕಾಲೇಜಿದೆ. ಇಂಥ ವಿದ್ಯಾಸಂಸ್ಥೆಗಳು ವರ್ಷಕ್ಕೆ ಕೆಲವು ದಿನವಾದರೂ ಸುತ್ತಲಿನ ಹಳ್ಳಿಗಳ ವಿದ್ಯಾರ್ಥಿಗಳನ್ನು ಕರೆದು, ಹಳೆಯ ಎಂಜಿನ್ನೊಂದನ್ನು ಪೀಠದ ಮೇಲೆ ನಿಲ್ಲಿಸಿ, ಬೇರೆ ಬೇರೆ ಕೊಳವೆಗಳನ್ನು ಜೋಡಿಸಿ, ಅದರ ಶಕ್ತಿಯನ್ನೂ ಸದ್ದನ್ನೂ ಅವರ ಕೈಯಿಂದಲೇ ಅಳೆಯಿಸಲಿ. ದಂಡದ ಭಯ ಪೊಲೀಸರು ಮರೆಯಾಗುವವರೆಗೆ ಮಾತ್ರ. ತಾನೇ ಅಳೆದು ಕಂಡ ಸತ್ಯ ಬಾಳಿನುದ್ದಕ್ಕೂ ಉಳಿಯುತ್ತದೆ.