ಬಸವನ ಪಾದದಿಂದ ಬೈರಮಂಗಲದವರೆಗೆ: ಈ ಓದು ಯಾರಪ್ಪನ ಸ್ವತ್ತು?

ಕಾರ್ತಿಕದ ಕಡೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಗೆ ನಮ್ಮ ಕಡೆಯಿಂದ ಎಷ್ಟೋ ಜನ ಹೋಗ್ತೀವಿ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ರೈತರ ಹೊಲಕ್ಕೆ ಬಸವ ನುಗ್ಗಿ ಕಡಲೆಕಾಯಿ ತಿಂತಿದ್ದ, ಅದಕ್ಕೇ ಮೊದಲ ಬೆಳೆ ಅವನಿಗೆ ಅನ್ನೋ ಕತೆ ಎಲ್ಲರಿಗೂ ಗೊತ್ತು. ಅದೇ ಬಸವನ ಪಾದದಲ್ಲಿ ವೃಷಭಾವತಿ ಹುಟ್ತಾಳೆ ಅನ್ನೋ ನಂಬಿಕೆಯೂ ಗೊತ್ತು. ಆದರೆ ಕೈ ಮುಗಿದು ವಾಪಸ್ ಬರುವಾಗ, ಇಲ್ಲಿಂದ ಹೊರಟ ನೀರೇ ಬೈರಮಂಗಲ ಕೆರೆಗೆ ಬಂದು, ನಮ್ಮ ಸೀಮೆಹುಲ್ಲಿಗೆ ಹರಿದು, ನಮ್ಮ ಹಸುವಿನ ಹಾಲಾಗುತ್ತೆ ಅಂತ ಎಷ್ಟು ಜನ ಯೋಚಿಸಿದ್ದೀವಿ?

ಹೋದ ವರ್ಷ ನದಿ ಜಲಾನಯನ ವಿಜ್ಞಾನದ ಆನ್‌ಲೈನ್ ಸ್ನಾತಕೋತ್ತರ ಕೋರ್ಸಿಗೆ ಸೇರಿದೆ. ಸಂಸ್ಥೆಯ ಹೆಸರು ಬೇಡ. ಸಂಜೆ ಹಾಲು ಕರೆದು ಡೇರಿಗೆ ಹಾಕಿ, ಉಂಡ ಮೇಲೆ ಫೋನಿನಲ್ಲಿ ಪಾಠ. ಊರಲ್ಲಿ ನಕ್ಕರು. "ಕೊಚ್ಚೆ ನೀರಿಗೆ ಎಂ.ಎಸ್ಸಿ. ಯಾಕಣ್ಣ?" ಅಂದರು. ಈ ಬರಹ ಅವರಿಗೆ ಉತ್ತರ. ಕೋರ್ಸು ನಡೆಸುವವರಿಗೂ ಉತ್ತರ.

ಮೊದಲು ಕೋರ್ಸಿನವರಿಗೆ. "ಒಂದು ನದಿ ಆರಿಸಿಕೊಂಡು ಅದರ ಜಲಾನಯನ ವಿವರಿಸಿ" ಅಂತ ಮೊದಲ ಅಭ್ಯಾಸ ಕೊಟ್ಟರು. ನಮ್ಮ ಗುಂಪಿನಲ್ಲಿ ಬಸವನಗುಡಿಯವರೇ ಒಬ್ಬರಿದ್ದರು, ದೊಡ್ಡ ಬಸವನಿಂದ ಹತ್ತು ನಿಮಿಷ ನಡೆದರೆ ಅವರ ಮನೆ. ಅವರು ಆರಿಸಿದ್ದು ಲಂಡನ್ನಿನ ಥೇಮ್ಸ್! ಯಾಕೆ ಅಂದೆ. "ಅದರ ಲೆಕ್ಕ ಎಲ್ಲಾ ರೆಡಿ ಸಿಗುತ್ತೆ" ಅಂದರು. ಅವರದ್ದು ತಪ್ಪಲ್ಲ. ಥೇಮ್ಸಿನ ದಿನದ ಹರಿವು 1883ರಿಂದ ಬರೆದಿಟ್ಟಿದ್ದಾರೆ, ಯಾರು ಬೇಕಾದರೂ ಕೂತಲ್ಲೇ ತೆಗೆದುಕೊಳ್ಳಬಹುದು. ವೃಷಭಾವತಿಗೆ ಅಂಥದೊಂದು ಪಟ್ಟಿ ನಾನು ಹುಡುಕಿದಾಗ ಕೈಗೆ ಸಿಗಲಿಲ್ಲ. ಹಾಗಾಗಿ ಲೆಕ್ಕ ಇರುವ ನದಿಯನ್ನು ಎಲ್ಲರೂ ಓದ್ತಾರೆ, ಲೆಕ್ಕ ಇಲ್ಲದ ನದಿ ಇನ್ನೂ ಕತ್ತಲಲ್ಲೇ ಉಳಿಯುತ್ತೆ. ಕಾಲ ಕೆಳಗೇ ನದಿ ಹುಟ್ಟುವ ಊರಲ್ಲಿ ಕೂತು ಬೇರೆ ದೇಶದ ನದಿಯಲ್ಲಿ ಪದವಿ ತಗೊಳ್ಳೋದು ಎಂಥ ಓದು?

ಪಾಠದಲ್ಲಿ ಹೇಳೋದು ಸುಲಭ. ದಿಣ್ಣೆಯಿಂದ ದಿಣ್ಣೆಗೆ ಗೆರೆ ಎಳಿ, ಒಳಗೆ ಬಿದ್ದ ಮಳೆ ಲೆಕ್ಕ ಹಾಕು, ಆವಿಯಾಗಿದ್ದು ಇಂಗಿದ್ದು ಕಳಿ, ಉಳಿದದ್ದು ನದಿ. ಈ ಲೆಕ್ಕ ನಮ್ಮಲ್ಲಿ ತಾಳೆ ಆಗಲ್ಲ. 1974ರಿಂದ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಪಂಪ್ ಮಾಡಿ ಬೆಂಗಳೂರಿಗೆ ಏರಿಸ್ತಿದ್ದಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ ಸೇರಿಕೊಂಡಿತು. ಮಲ್ಲೇಶ್ವರ, ಚಾಮರಾಜಪೇಟೆಯವರು ಕುಡಿದು, ತೊಳೆದು, ಬಚ್ಚಲಿಗೆ ಬಿಟ್ಟ ಕಾವೇರಿ ಮೈಸೂರು ರಸ್ತೆ, ಕೆಂಗೇರಿ ದಾಟಿ ನಮ್ಮ ಕಾಲುವೆಗೆ ಬರ್ತಾಳೆ. ಅದಕ್ಕೇ ಏಪ್ರಿಲ್ ಬಿಸಿಲಲ್ಲೂ ನಮ್ಮ ಹೊಳೆ ಹರಿಯುತ್ತೆ. ಇದನ್ನು ತರಗತಿಯಲ್ಲಿ ಕೇಳಿದರೆ "ಅದು ಅಪವಾದ" ಅಂದರು. ಅವರಿಗೆ ಅಪವಾದ ಇರಬಹುದು ಸ್ವಾಮಿ, ನಮಗೆ ದಿನದ ನೀರು.

ಈಗ ನಮ್ಮೋರಿಗೆ. ಇಷ್ಟು ಬೈದ ಮೇಲೂ ನಾನು ಕೋರ್ಸು ಬಿಟ್ಟಿಲ್ಲ. ಯಾಕೆ ಅಂದರೆ, ಒಂದು ಪುಟ ಸಾಕು.

ನೀರಿಗೆ ಎ, ಬಿ, ಸಿ, ಡಿ, ಇ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದರ್ಜೆ ಮಾಡಿದೆ. 'ಇ' ಅಂದರೆ ನೀರಾವರಿಗೆ ಆಗುತ್ತೆ ಅಂತ. ಆ 'ಇ' ದರ್ಜೆಗೆ ನೋಡೋದು ನಾಲ್ಕೇ ನಾಲ್ಕು. ಪಿ.ಎಚ್. 6ರಿಂದ 8.5ರ ಒಳಗೆ, ಉಪ್ಪಿನಂಶ ತೋರಿಸುವ ವಾಹಕತೆ 2,250ರ ಒಳಗೆ, ಸೋಡಿಯಂ ಅನುಪಾತ 26ರ ಒಳಗೆ, ಬೋರಾನ್ ಲೀಟರಿಗೆ 2 ಮಿಲಿಗ್ರಾಂ ಒಳಗೆ. ಅಷ್ಟೇ ಕಣ್ರಪ್ಪ. ಸೀಸ ಆ ಪಟ್ಟಿಯಲ್ಲಿಲ್ಲ. ಕ್ಯಾಡ್ಮಿಯಂ ಇಲ್ಲ, ಕ್ರೋಮಿಯಂ ಇಲ್ಲ. ರೋಗಾಣು ಲೆಕ್ಕವೂ ಇಲ್ಲ. ಪೀಣ್ಯದಿಂದ ಮೈಸೂರು ರಸ್ತೆವರೆಗಿನ ಕಾರ್ಖಾನೆ ನೀರು ಸೇರುವ ಹೊಳೆ ನಮ್ಮದು. ನಾಳೆ ಯಾರಾದರೂ ಬಂದು "ಇ ದರ್ಜೆ ಇದೆ, ಧೈರ್ಯವಾಗಿ ಹಾಯಿಸಿ" ಅಂದರೆ ಇಷ್ಟು ದಿನ ತಲೆ ಆಡಿಸ್ತಿದ್ದೆವು. ಇನ್ನು ಮುಂದೆ "ಲೋಹದ ರಿಪೋರ್ಟ್ ಎಲ್ಲಿ ಸಾರ್?" ಅಂತ ಕೇಳಬಹುದು. ಓದಿದರೆ ನೀರು ತಿಳಿಯಾಗಲ್ಲ, ಒಪ್ತೀನಿ. ಆದರೆ ಕೇಳಬೇಕಾದ ಪ್ರಶ್ನೆ ಗೊತ್ತಾಗುತ್ತೆ.

ಇದೇ ಓದು ನಮ್ಮ ಕಡೆಗೂ ಬೆರಳು ತೋರಿಸುತ್ತೆ, ಅದನ್ನೂ ಮುಚ್ಚಿಡಬಾರದು. ಅರ್ಕಾವತಿ ಯಾಕೆ ಬತ್ತುತ್ತಿದೆ ಅಂತ ತಿಪ್ಪಗೊಂಡನಹಳ್ಳಿ ಜಲಾಶಯದ ಮೇಲ್ಭಾಗದಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮಳೆ ಕಡಿಮೆ ಆದದ್ದು ಕಾರಣ ಅಲ್ಲ ಅಂತ ಅವರು ತೋರಿಸಿದರು. ಮುಖ್ಯ ಕಾರಣ ಬೋರ್‌ವೆಲ್ ಎತ್ತುವಳಿ ಮತ್ತು ನೀಲಗಿರಿ ತೋಪು. "ಮೊದಲಿನಂಗೆ ಮಳೆ ಇಲ್ಲ ಬಿಡು" ಅಂತ ಕಟ್ಟೆ ಮೇಲೆ ಕೂತು ಹೇಳೋದು ಸುಲಭ. ನೀಲಗಿರಿ ಹಾಕಿದ್ದು ಯಾರು? ಬೋರ್ ಮೇಲೆ ಬೋರ್ ಕೊರೆಸಿದ್ದು ಯಾರು? ಪಟ್ಟಣದವರನ್ನು ಪ್ರಶ್ನೆ ಮಾಡೋರು ಈ ಪ್ರಶ್ನೆಗೂ ಎದೆ ಕೊಡಬೇಕು.

"ಅದೆಲ್ಲ ಇಂಜಿನಿಯರ್ ಕೆಲಸ, ನಮಗೆ ತಲೆಗೆ ಹತ್ತಲ್ಲ" ಅನ್ನೋರಿಗೆ ಒಂದು ಲೆಕ್ಕ. ಒಂದು ಎಕರೆ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್. ಚಾಮರಾಜಪೇಟೆಯ ಒಂದು 30-40 ಸೈಟಿನ ಮೇಲೆ ಅದೇ ಮಳೆಗೆ ಸುಮಾರು 2,800 ಲೀಟರ್. ನಮ್ಮ ಉತ್ತ ಹೊಲದಲ್ಲಿ ಅದರ ಬಹುಪಾಲು ಇಂಗುತ್ತೆ, ಅಲ್ಲಿ ಕಾಂಕ್ರೀಟ್ ಮೇಲಿಂದ ಬಹುಪಾಲು ಮೋರಿಗೆ ಓಡುತ್ತೆ. ಬೆಂಗಳೂರಲ್ಲಿ ಜೋರು ಮಳೆ ಬಿದ್ದರೆ ನಮ್ಮ ಹೊಳೆ ನೊರೆ ಹೊತ್ತು ಉಕ್ಕೋದು ಇದಕ್ಕೇ. ಅರ್ಥ ಆಗಲಿಲ್ಲವಾ? ಆಯಿತಲ್ಲ! ಇದೇ ಸ್ನಾತಕೋತ್ತರದ ಮೊದಲ ಪಾಠ. ಕಷ್ಟ ಇರೋದು ಲೆಕ್ಕದಲ್ಲಲ್ಲ, ಅದನ್ನು ಬರೀ ಇಂಗ್ಲಿಷಿನಲ್ಲಿ ಹೇಳೋದರಲ್ಲಿ.

ಬಸವನಗುಡಿಯಲ್ಲೇ ಇದಕ್ಕೆ ದಾರಿ ಇದೆ. 1962ರಲ್ಲಿ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರ ವಾರ ವಿಜ್ಞಾನದ ಉಪನ್ಯಾಸ, ಬಾಗಿಲು ಎಲ್ಲರಿಗೂ ತೆಗೆದಿತ್ತು. ಅವರೂ ಗೌರಿಬಿದನೂರು ಕಡೆಯ ಹಳ್ಳಿಯಿಂದ ಬಂದವರೇ. ಆವತ್ತು ಫೋನ್ ಇಲ್ಲದೆ ಆ ಕೆಲಸ ಆಯಿತು. ಇವತ್ತು ಪ್ರತಿ ಜೇಬಿನಲ್ಲಿ ಫೋನ್ ಇದ್ದೂ ಆಗಲ್ಲ ಅಂದರೆ ಮನಸ್ಸಿಲ್ಲ ಅಂತಲೇ ಅರ್ಥ.

ನಾನು ಆನ್‌ಲೈನ್ ಓದಿನ ವಿರೋಧಿ ಅಲ್ಲ. ಅದಿಲ್ಲದಿದ್ದರೆ ಹಸು ಬಿಟ್ಟು ನಾನು ಎಲ್ಲಿಗೆ ಹೋಗಿ ಓದಲಿ? ಕೇಳೋದು ಮೂರೇ. ಒಂದು, ಪಾಠ ಕನ್ನಡದಲ್ಲೂ ಇರಲಿ, ಡಿಗ್ರಿ ಇಲ್ಲದ ರೈತನಿಗೂ ಕೂತು ಕೇಳುವ ಜಾಗ ಇರಲಿ. ಎರಡು, ಹುಟ್ಟುವ ಜಾಗದಿಂದ ಸೇರುವ ಜಾಗದವರೆಗೆ ಒಂದು ಹೊಳೆ ನಡೆದು ನೋಡದವರಿಗೆ ಪದವಿ ಕೊಡಬೇಡಿ. ಮೂರು, ವಿದ್ಯಾರ್ಥಿಗಳು ಅಳೆದ ಲೆಕ್ಕ ನಮ್ಮ ಪಂಚಾಯ್ತಿ ಗೋಡೆ ಮೇಲೆ ಬರಲಿ. ಆಗ ಮುಂದಿನವರು ಥೇಮ್ಸಿಗೆ ಓಡಬೇಕಿಲ್ಲ.

ನಮ್ಮ ಪಾಲಿನ ಕೆಲಸವನ್ನು ನಾವು ಅವರಿಗೆ ಕಾಯದೆ ಶುರು ಮಾಡೋಣ. ಒಂದು ಅಳತೆ ಕೋಲು ಸೇತುವೆ ಕಂಬಕ್ಕೆ ಕಟ್ಟೋದು, ದಿನಾ ಬೆಳಗ್ಗೆ ಹಾಲು ಹಾಕಿ ಬರುವಾಗ ನೀರಿನ ಮಟ್ಟ ಬರೆಯೋದು. ಒಂದು ನೋಟ್‌ಬುಕ್, ಒಂದು ಪೆನ್ನು. ಭಾನುವಾರ ಬೆಳಗ್ಗೆ ಡೇರಿ ಹತ್ರ ಬನ್ನಿ, ಯಾವ ಸೇತುವೆ, ಯಾರ ಪಾಳಿ ಅಂತ ಮಾತಾಡೋಣ. ಕೋಲು ನಾನು ತರ್ತೀನಿ.