ಕಾಂಡ್ಲಾವನದ ಲೆಕ್ಕದಲ್ಲಿ ಕೆಸರಿಗೆ ಸ್ಥಾನವೆಲ್ಲಿ?

ಕುಂದಾಪುರ: ಕಡಲ ಕಿನಾರೆಯ 540 ಚದರ ಕಿ.ಮೀ. ಪ್ರದೇಶದಲ್ಲಿ ಐದು ವರ್ಷಗಳೊಳಗೆ ಕಾಂಡ್ಲಾವನ ಬೆಳೆಸುವ ‘ಮಿಷ್ಟಿ’ ಯೋಜನೆಗೆ ಕೇಂದ್ರ ಸರಕಾರವು 2023ರ ಜೂನ್ 5ರಂದು ಚಾಲನೆ ನೀಡಿತು. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ 2021ರ ವರದಿಯಂತೆ ದೇಶದ 4,992 ಚದರ ಕಿ.ಮೀ. ಕಾಂಡ್ಲಾವನದಲ್ಲಿ ಕರ್ನಾಟಕದ ಪಾಲು ಕೇವಲ 13. ಆದ್ದರಿಂದ ಸಸಿ ನೆಡುವ ಉತ್ಸಾಹ ಸಹಜವೇ. ಆದರೆ ಈ ಲೆಕ್ಕಗಳೆಲ್ಲ ನೆಲದ ಮೇಲಿನ ಹಸುರಿನವು.

ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿದಂತೆ ಐದು ನದಿಗಳು ಪಂಚಗಂಗಾವಳಿಯಾಗಿ ಕಡಲು ಸೇರುವ ಅಳಿವೆಯ ಒಂದು ಮಗ್ಗುಲಲ್ಲಿ ಗಂಗೊಳ್ಳಿ, ಇನ್ನೊಂದರಲ್ಲಿ ಕೋಡಿ. ಇಂತಹ ಅಳಿವೆಗಳ ಕಾಂಡ್ಲಾ ಬುಡದ ಕಪ್ಪು ಕೆಸರು ಇಳಿತದ ಹೊತ್ತಿನಲ್ಲಿ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಜೌಗು ಜಾಗಕ್ಕೆ ಮಣ್ಣು ತುಂಬುವವರಿಗೆ ಈ ನಾತವೇ ನೆಪ. ವಾಸ್ತವವಾಗಿ ಅದು ಕೆಸರು ತನ್ನ ಕೆಲಸ ಮಾಡುತ್ತಿರುವುದರ ಗುರುತು.

ಉದುರಿದ ಎಲೆ, ರೆಂಬೆಗಳಿಗೆ ಮೊದಲು ಮುತ್ತುವವುಗಳಲ್ಲಿ ಶಿಲೀಂಧ್ರಗಳು ಮುಖ್ಯ. ಮರಕ್ಕೆ ಗಡಸುತನ ನೀಡುವ ಲಿಗ್ನಿನ್ ಅನ್ನು ಒಡೆಯುವ ಶಕ್ತಿ ಅವುಗಳಲ್ಲಿ ಕೆಲವಕ್ಕಿದೆ. ತಿಂದ ಇಂಗಾಲದ ಒಂದು ಭಾಗ ಅನಿಲವಾಗಿ ಗಾಳಿ ಸೇರಿದರೆ, ಇನ್ನೊಂದು ಭಾಗ ಶಿಲೀಂಧ್ರದ ದೇಹವಾಗುತ್ತದೆ. ಹೀಗೆ ಮೆತ್ತಗಾದ ಎಲೆಯನ್ನು ಏಡಿ, ಬಸವನಹುಳುಗಳು ತಿನ್ನುತ್ತವೆ, ಅವುಗಳನ್ನು ಮೀನುಗಳು. ಆದರೆ ಲಿಗ್ನಿನ್ ಒಡೆಯಲು ಆಮ್ಲಜನಕ ಬೇಕು. ನೀರು ನಿಂತ ಕೆಸರಿನಲ್ಲಿ ಅದು ಕೆಲವೇ ಮಿಲಿಮೀಟರ್ ಆಳದಲ್ಲಿ ಮುಗಿಯುತ್ತದೆ.

ಅಲ್ಲಿಂದ ಕೆಳಗೆ ಬ್ಯಾಕ್ಟೀರಿಯಾಗಳ ರಾಜ್ಯಭಾರ. ಇವು ಆಮ್ಲಜನಕದ ಬದಲಿಗೆ ಕಡಲ ನೀರಿನ ಸಲ್ಫೇಟನ್ನು ಬಳಸುತ್ತವೆ. ನಾತದ ಮೂಲ ಇದೇ. ಈ ವಿಧಾನದಿಂದ ದೊರೆಯುವ ಶಕ್ತಿ ಅಲ್ಪ, ಲಿಗ್ನಿನ್ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಇಂಗಾಲ ಹೂತುಹೋಗುವುದು ಹೀಗೆ. ಇಂಡೋ-ಪೆಸಿಫಿಕ್ ವಲಯದ 25 ಕಾಂಡ್ಲಾವನಗಳ ಅಧ್ಯಯನವೊಂದು 2011ರಲ್ಲಿ ‘ನೇಚರ್ ಜಿಯೋಸೈನ್ಸ್’ನಲ್ಲಿ ಪ್ರಕಟವಾಗಿದ್ದು, ಅಲ್ಲಿನ ಒಟ್ಟು ಇಂಗಾಲದ ಶೇ. 49ರಿಂದ 98ರಷ್ಟು ಮಣ್ಣಿನಲ್ಲೇ ಇತ್ತು. ಆ ಪ್ರಮಾಣವನ್ನು ಕೋಡಿಗೆ ನೇರವಾಗಿ ಅನ್ವಯಿಸಲಾಗದು. ಮಳೆಗಾಲದ ನೆರೆ ಇಲ್ಲಿನ ಅಳಿವೆಗಳ ಉಪ್ಪನ್ನು ತೊಳೆಯುತ್ತದೆ. ಸಲ್ಫೇಟ್ ಕಡಿಮೆಯಾದಾಗ ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳಿಗೆ ಅವಕಾಶ ಹೆಚ್ಚು.

ಈ ಕೆಸರನ್ನು ಅಗೆದರೆ ಆಗುವುದೇನು? ಗಾಳಿ ತಾಗಿದೊಡನೆ ಹೂತಿದ್ದ ಇಂಗಾಲ ವೇಗವಾಗಿ ಕೊಳೆತು ಇಂಗಾಲದ ಡೈಆಕ್ಸೈಡ್ ಆಗತೊಡಗುತ್ತದೆ. ಗಂಧಕದ ಸಂಯುಕ್ತಗಳು ಆಮ್ಲವಾಗಿ ಮಣ್ಣನ್ನೇ ಕೆಡಿಸುತ್ತವೆ. ಕಾಂಡ್ಲಾ ಕಡಿದು ತೋಡಿದ ಸಿಗಡಿ ಕೆರೆಗಳು ಹಲವು ದೇಶಗಳಲ್ಲಿ ಪಾಳುಬಿದ್ದುದಕ್ಕೆ ಇದೂ ಕಾರಣ. ಕರಾವಳಿ ನಿಯಂತ್ರಣ ವಲಯದೊಳಗಿನ ಇಂತಹ ಕೆರೆಗಳನ್ನು ತೆರವುಗೊಳಿಸುವಂತೆ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 11ರಂದು ಆದೇಶಿಸಿತ್ತು. 2005ರ ಜಲಕೃಷಿ ಕಾಯಿದೆಯು ಪ್ರಾಧಿಕಾರ ರಚಿಸಿ, ಆ ಉದ್ದಿಮೆಗೆ ಬೇರೊಂದು ದಾರಿ ಮಾಡಿಕೊಟ್ಟಿತು.

ನೆಟ್ಟ ಸಸಿ ಕೆಲವೇ ವರ್ಷಗಳಲ್ಲಿ ಉಪಗ್ರಹ ಚಿತ್ರದಲ್ಲಿ ಕಾಣಬಹುದು. ಅದರ ಬುಡದಲ್ಲಿ ಇಂಗಾಲ ತುಂಬಲು ದಶಕಗಳೇ ಬೇಕು. ಅದಕ್ಕೂ ಉಬ್ಬರದ ನೀರು ತಡೆಯಿಲ್ಲದೆ ಬಂದುಹೋಗಬೇಕು. ಹೀಗಿರುವಾಗ ಒಂದೆಡೆ ಹಳೆಯ ಕಾಂಡ್ಲಾ ತೆಗೆದು ಇನ್ನೊಂದೆಡೆ ಮೂರು ಪಟ್ಟು ನೆಡುತ್ತೇವೆಂಬ ಪರಿಹಾರವು ಕಾಗದದ ಮೇಲಷ್ಟೇ ಸರಿದೂಗೀತು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು 1,000 ಚದರ ಮೀಟರಿಗೂ ಮಿಕ್ಕ ಕಾಂಡ್ಲಾವನದ ಸುತ್ತ 50 ಮೀಟರ್ ರಕ್ಷಣಾ ಪಟ್ಟಿ ಇರಬೇಕೆಂದಿದೆ. ಖಾಸಗಿ ಜಮೀನಿನ ಕಾಂಡ್ಲಾಗಳಿಗೆ ಮಾತ್ರ ಆ ಪಟ್ಟಿ ಬೇಕಿಲ್ಲ. ಕೆಸರಿಗಾದರೋ ಪಟ್ಟಾ ಜಮೀನು, ಸರಕಾರಿ ಜಮೀನು ಎಂಬ ಭೇದವಿಲ್ಲ.