ಬಕೆಟ್‌ನಲ್ಲಿ ಬಂದ ಮೀನು

ಹೋದ ತಿಂಗಳು ಕೋರಮಂಗಲದ ಬಾಡಿಗೆ ಮನೆ ಖಾಲಿ ಮಾಡಿದೆ. ಹೊಸ ಮನೆಯ ಓನರ್ ಅಕ್ವೇರಿಯಂ ಬೇಡ ಅಂದರು. ಸಣ್ಣ ಮೀನುಗಳನ್ನ ಆಫೀಸಿನ ಗೆಳೆಯನಿಗೆ ಕೊಟ್ಟೆ. ಉಳಿದಿದ್ದು ಒಂದು ಸಕ್ಕರ್ ಮೀನು. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುತ್ತೆ, ಟ್ಯಾಂಕ್ ಕ್ಲೀನ್ ಇರುತ್ತೆ ಅಂತ ಅಂಗಡಿಯವನು ಕೊಟ್ಟಾಗ ಬೆರಳುದ್ದ ಇತ್ತು. ನಾಲ್ಕು ವರ್ಷದಲ್ಲಿ ಒಂದು ಅಡಿ ಆಗಿದೆ. ಅಮ್ಮನಿಗೆ ಫೋನ್ ಮಾಡಿದರೆ, "ಪಾಪ, ತಗೊಂಡ್ ಬಾ, ಕೆರೆಗೆ ಬಿಡೋಣ, ಪುಣ್ಯ ಬರುತ್ತೆ" ಅಂದಳು. ಸರಿ ಅಂತ ಮುಚ್ಚಳ ಇರೋ ಬಕೆಟ್‌ಗೆ ಹಾಕಿಕೊಂಡು ಶನಿವಾರ ಬೆಳಗ್ಗೆ ಸುಗಟೂರಿಗೆ ಹೊರಟೆ.

ದಾರಿಯಲ್ಲಿ ನರಸಾಪುರದ ಹತ್ತಿರ ನಮ್ಮ ಸೋದರಮಾವನ ಊರು. ಮಾವ ಇನ್ನಿಬ್ಬರ ಜೊತೆ ಸೇರಿ ಅಲ್ಲಿನ ಕೆರೆಯ ಮೀನು ಗುತ್ತಿಗೆ ಹಿಡಿದಿದ್ದಾರೆ. ನಾನು ಹೋದಾಗ ಏರಿ ಮೇಲೆ ಕೂತಿದ್ದರು. ಮುಖ ಸರಿ ಇರಲಿಲ್ಲ. ದಡದಲ್ಲಿ ಕಟ್ಲಾ, ರೋಹು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅರ್ಧ ಕೆರೆ ಹಸಿರು, ಮಧ್ಯೆ ಮಧ್ಯೆ ನೇರಳೆ ಹೂವು. ಇನ್‌ಸ್ಟಾಗ್ರಾಂನಲ್ಲಿ ಹಾಕಿದರೆ ನೂರು ಲೈಕ್ ಗ್ಯಾರಂಟಿ.

ಆ ಹೂವು ಅಂತರಗಂಗೆಯದು. ನಮ್ಮ ಕೋಲಾರದವರಿಗೆ ಅಂತರಗಂಗೆ ಅಂದರೆ ಬೆಟ್ಟ, ಬಸವನ ಬಾಯಿಂದ ಬರೋ ತಣ್ಣನೆ ನೀರು. ಈ ಕಳೆಗೂ ಅದೇ ಹೆಸರು ಇರೋದು ನೋಡಿದರೆ ಹೊಟ್ಟೆ ಉರಿಯುತ್ತೆ. ಇದರ ತವರು ದಕ್ಷಿಣ ಅಮೆರಿಕ. ಹೂವು ಚಂದ ಅಂತ ಜನರೇ ಕೊಳಗಳಿಗೆ ತಂದು ಬೆಳೆಸಿ ಜಗತ್ತಿಗೆಲ್ಲ ಹಂಚಿದರು. ವಿಜ್ಞಾನಿಗಳು ಬೇರೆ ಬೇರೆ ದೇಶಗಳ ಗಿಡಗಳ ಡಿಎನ್‌ಎ ಹೋಲಿಸಿ ನೋಡಿದಾಗ ಬಹುತೇಕ ಕಡೆ ಇದ್ದಿದ್ದು ಒಂದೇ ತಳಿಯ ನಕಲು. ಬೀಜದ ಹಂಗಿಲ್ಲದೆ ಬಳ್ಳಿ ಚಾಚಿ ಮರಿ ಗಿಡ ಹಾಕುತ್ತೆ. ಪೋಷಕಾಂಶ ಸಿಕ್ಕರೆ ಎರಡು ವಾರದಲ್ಲಿ ದುಪ್ಪಟ್ಟು. ಹೊಸ ಜಾಗಕ್ಕೆ ಹೊಂದಿಕೊಳ್ಳೋಕೆ ತಳಿ ಬದಲಾಗಬೇಕು ಅಂತ ನಾವು ಓದಿರುತ್ತೇವೆ. ಇದು ಏನೂ ಬದಲಾಗದೆ ಗೆದ್ದಿದೆ, ಯಾಕಂದರೆ ಅದಕ್ಕೆ ಬೇಕಾದ ಹಾಗೆ ನಾವೇ ನೀರನ್ನ ಬದಲಾಯಿಸಿ ಕೊಟ್ಟಿದ್ದೇವೆ.

ಆ ನೀರಿನ ಕಥೆ ಎಲ್ಲರಿಗೂ ಗೊತ್ತು. ನದಿ ಆಸರೆ ಇಲ್ಲದ ಜಿಲ್ಲೆ. ಸಾವಿರ ಅಡಿ ದಾಟಿದ ಬೋರ್‌ವೆಲ್, ವರ್ಷಗಟ್ಟಲೆ ಒಣಗಿದ ಕೆರೆ, ಅದರಂಗಳದ ತುಂಬ ಬಳ್ಳಾರಿ ಜಾಲಿ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಒಂದೊಂದೇ ಕೆರೆ ತುಂಬಿತು. ಮುಂದಿನ ತಿಂಗಳೇ ನೊರೆ, ಆಮೇಲೆ ಕೋರ್ಟು. ಇದನ್ನ ಬರೀ ಬೈಯೋಕೆ ನನಗೆ ಮನಸ್ಸಿಲ್ಲ. ಬತ್ತಿದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂದಾಗ ಮಾವ ಅತ್ತಿದ್ದನ್ನ ನಾನೇ ನೋಡಿದ್ದೇನೆ. ಆದರೆ ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರಲ್ಲಿ ಸಾರಜನಕ, ರಂಜಕ ಉಳಿದಿರುತ್ತೆ. ಕಳೆಗೆ ಅದು ಗೊಬ್ಬರ. ಕೋರಮಂಗಲದ ನನ್ನ ಬಚ್ಚಲ ನೀರೂ ಆ ಪೈಪಿನಲ್ಲೇ ಬಂದಿರಬೇಕು. ಅಂದರೆ ಮಾವನ ಕೆರೆಯ ಅಂತರಗಂಗೆಗೆ ನಾನೂ ಒಂದಿಷ್ಟು ಉಣಿಸಿದ್ದೇನೆ.

ಕಳೆ ಮುಚ್ಚಿದ ನೀರಿಗೆ ಬಿಸಿಲು ಇಳಿಯಲ್ಲ. ಅಡಿಯಲ್ಲಿ ಕೊಳೆಯೋದು ಮಾತ್ರ ನಡೆದೇ ಇರುತ್ತೆ. ರಾತ್ರಿಯೆಲ್ಲ ಆಮ್ಲಜನಕ ಇಳಿದೂ ಇಳಿದೂ ಬೆಳಗಿನ ಜಾವಕ್ಕೆ ತಳ ಮುಟ್ಟುತ್ತೆ. ಕಿವಿರನ್ನೇ ನಂಬಿದ ಕಟ್ಲಾ, ರೋಹು ಆಗಲೇ ಸಾಯೋದು. ಕೊರಮೀನು ಸಾಯಲ್ಲ. ಅದಕ್ಕೆ ಕಿವಿರಿನ ಮೇಲೆ ಒಂದು ಗೂಡಿದೆ, ಮೇಲೆ ಬಂದು ಗಾಳಿ ನುಂಗಿ ಹೋಗುತ್ತೆ. ಕೆಸರು ನೀರಲ್ಲಿ ಅದೆಷ್ಟೋ ಲಕ್ಷ ವರ್ಷ ಬದುಕಿ ಸಂಪಾದಿಸಿದ ಗೂಡು ಅದು.

"ಜಿಲೇಬಿನೂ ಸಾಯಂಗಿಲ್ಲ ಕಣೋ, ಆದ್ರೆ ಬೆಳೆಯಂಗೂ ಇಲ್ಲ. ಅಂಗೈ ಅಗಲ ಆಗೋಕ್ ಮುಂಚೆ ಬಾಯ್ತುಂಬ ಮೊಟ್ಟೆ" ಅಂದರು ಮಾವ. ಜಿಲೇಬಿ ಅಂದರೆ ತಿಲಾಪಿಯಾ, ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ತಂದಿದ್ದು. ತಾಯಿ ಮೊಟ್ಟೆಗಳನ್ನ ಬಾಯಲ್ಲೇ ಇಟ್ಟು ಕಾಯುತ್ತೆ. ಜಾಗ ಇಕ್ಕಟ್ಟಾದರೆ ಮೈ ಬೆಳೆಸೋದು ಬಿಟ್ಟು ಎರಡು ಮೂರು ತಿಂಗಳಿಗೇ ಮರಿ ಮಾಡೋಕೆ ಶುರು. ಇದು ತಳಿ ಬದಲಾದದ್ದಲ್ಲ, ಒಂದೇ ಜನ್ಮದಲ್ಲಿ ಮೈ ಮಾಡಿಕೊಂಡ ಹೊಂದಾಣಿಕೆ. ಒಳ್ಳೆ ಕೊಳಕ್ಕೆ ಬಿಟ್ಟರೆ ಅದೇ ಮೀನು ದಪ್ಪ ಆಗುತ್ತೆ.

ತಳಿಯೇ ಬದಲಾಗೋದೂ ಉಂಟು, ಅದಕ್ಕೆ ಲಕ್ಷ ವರ್ಷ ಬೇಕಿಲ್ಲ. ಮಲೇರಿಯಾ ಸೊಳ್ಳೆಯ ಮರಿಗಳನ್ನ ತಿನ್ನಲಿ ಅಂತ ನಮ್ಮ ಜಿಲ್ಲೆಯ ಹಳ್ಳಿ ಬಾವಿಗಳಿಗೆ ಬಿಟ್ಟಿದ್ದರಲ್ಲ ಗಪ್ಪಿ, ಅದರ ತವರು ಟ್ರಿನಿಡಾಡ್ ಕಡೆ. ಅಲ್ಲಿ 1976ರಲ್ಲಿ ಜಾನ್ ಎಂಡ್ಲರ್, ದೊಡ್ಡ ಗಪ್ಪಿಗಳನ್ನ ತಿನ್ನೋ ಮೀನು ಇದ್ದ ಹೊಳೆಯಿಂದ ಗಪ್ಪಿಗಳನ್ನ ತೆಗೆದು ಅಂಥ ಶತ್ರು ಇಲ್ಲದ ಹೊಳೆಗೆ ಬಿಟ್ಟರು. 11 ವರ್ಷದ ನಂತರ ಡೇವಿಡ್ ರೆಜ್ನಿಕ್ ಮತ್ತು ಜೊತೆಗಾರರು ನೋಡಿದರೆ, ಅವುಗಳ ಸಂತತಿ ನಿಧಾನವಾಗಿ, ದೊಡ್ಡದಾಗಿ ಪ್ರಾಯಕ್ಕೆ ಬರುತ್ತಿತ್ತು. ಪ್ರಯೋಗಾಲಯದಲ್ಲಿ ಒಂದೇ ಥರ ಸಾಕಿದರೂ ಆ ವ್ಯತ್ಯಾಸ ಹೋಗಲಿಲ್ಲ. ದೊಡ್ಡ ಮೀನನ್ನೇ ಹಿಡಿಯೋ ನಮ್ಮ ಬಲೆ ವರ್ಷಾನುಗಟ್ಟಲೆ ಇದರ ಉಲ್ಟಾ ಕೆಲಸ ಮಾಡಬಹುದು ಅಂದೆ. ಮಾವ, "ಬಲೆ ಹಾಕೋಕೆ ಮೀನು ಉಳಿಬೇಕಲ್ಲಪ್ಪ ಮೊದ್ಲು" ಅಂದರು.

ಆಮೇಲೆ ಅವರ ಕಣ್ಣು ಕಾರಿನ ಕಡೆ ಹೋಯಿತು. "ಏನೋ ಅದು ಬಕೆಟ್‌ನಾಗೆ?"

ಮುಚ್ಚಳ ತೆಗೆದೆ. ಮಾವ ಬಗ್ಗಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಇದು ದೆವ್ವದ ಮೀನು ಅಲ್ವೇನೋ! ಆಂಧ್ರದಾಗೆ ಮೀನು ಕೆರೆಯೋರು ಇದರಿಂದ ತಲೆ ಮೇಲೆ ಕೈ ಹೊತ್ತು ಕೂತವ್ರೆ. ಬಲೆ ಹರೀತೈತೆ, ತಿನ್ನೋರಿಲ್ಲ. ಇದನ್ನ ಎಲ್ಲಿಗೆ ಬಿಡ್ತೀಯ?"

ನಾಲ್ಕು ವರ್ಷ ಸಾಕಿದವನು ನಾನು. ಇದರ ಬಗ್ಗೆ ಒಂದು ಸಲವೂ ಹುಡುಕಿ ಓದಿರಲಿಲ್ಲ. ಅಲ್ಲೇ ಏರಿ ಮೇಲೆ ಫೋನ್ ತೆಗೆದೆ. ಇದರ ತವರೂ ದಕ್ಷಿಣ ಅಮೆರಿಕವೇ. ಮೈ ತುಂಬ ಮೂಳೆಯ ತಗಡು, ಹಾಗಾಗಿ ಹಿಡಿದು ತಿನ್ನೋ ಶತ್ರು ಕಡಿಮೆ. ನೀರು ಕೆಟ್ಟರೆ ಗಾಳಿ ನುಂಗಿ ಹೊಟ್ಟೆಯಲ್ಲೇ ಉಸಿರಾಡುತ್ತೆ. ಕೊರಮೀನು ಕಿವಿರಿನ ಮೇಲೆ ಮಾಡಿಕೊಂಡ ಏರ್ಪಾಟನ್ನ ಇದು ಜಠರದಲ್ಲಿ ಮಾಡಿಕೊಂಡಿದೆ. ಅಂದರೆ ಮಾವನ ಕಟ್ಲಾ ಸಾಯೋ ರಾತ್ರಿ ಇದು ಆರಾಮಾಗಿ ಪಾಚಿ ನೆಕ್ಕಿಕೊಂಡು ಇರುತ್ತೆ. ಇನ್ನೊಂದು ವಿಷಯ ಓದಿ ಮಾವನಿಗೆ ಗಟ್ಟಿಯಾಗಿ ಹೇಳಿದೆ: ಮೊಟ್ಟೆ ಇಡೋಕೆ ಇದು ದಡದ ಮಣ್ಣಲ್ಲಿ ಬಿಲ ಕೊರೆಯುತ್ತೆ.

ಮಾವ ಕೂತಿದ್ದ ಏರಿಯನ್ನ ಕೈಯಿಂದ ಒಂದು ಸಲ ಸವರಿದರು. ಮಣ್ಣಿನ ಏರಿ ಅದು. ಏನೂ ಮಾತಾಡಲಿಲ್ಲ.

ಒಂದೇ ಮೀನು ಮರಿ ಮಾಡಲ್ಲ ಅಂತ ನಾನು ವಾದ ಮಾಡಬಹುದಿತ್ತು. ಆದರೆ ನನ್ನ ಥರ ಮನೆ ಬದಲಾಯಿಸೋರು ಬೆಂಗಳೂರಲ್ಲಿ ಎಷ್ಟು ಜನ ಇಲ್ಲ? ಎಲ್ಲರಿಗೂ ಒಬ್ಬ ಅಮ್ಮ ಇರ್ತಾಳೆ, ಪುಣ್ಯ ಬರುತ್ತೆ ಅನ್ನೋಕೆ.

ಅವತ್ತು ಸುಗಟೂರಿಗೆ ಹೋಗೋದು ಮಧ್ಯಾಹ್ನ ಆಯ್ತು. ಅಷ್ಟು ಹೊತ್ತು ಮಾವನ ಜೊತೆ ಸೊಂಟದ ನೀರಿಗೆ ಇಳಿದು ಅಂತರಗಂಗೆ ಎಳೆದು ದಡಕ್ಕೆ ಹಾಕಿದೆ. ಕೈ ಬೊಬ್ಬೆ ಎದ್ದವು, ಬಿಡಿಸಿದ ಜಾಗ ಒಂದು ಟೆನಿಸ್ ಕೋರ್ಟ್‌ನಷ್ಟೂ ಇರಲಿಲ್ಲ. ಅಮ್ಮನಿಗೆ ವಿಷಯ ಹೇಳಿದಾಗ ನಂಬಲಿಲ್ಲ, "ಒಂದು ಮೀನು ಏನ್ ಮಾಡ್ತೈತೆ?" ಅಂದಳು. ಆದರೂ ಹಿತ್ತಲಿನ ಹಳೇ ಕಲ್ಲು ತೊಟ್ಟಿ ತೊಳೆದು ನೀರು ತುಂಬಿಸಿದಳು. ಹಸು ಮಾರಿದ ಮೇಲೆ ಅದು ಖಾಲಿ ಬಿದ್ದಿತ್ತು. ಬೆಕ್ಕು ಬರುತ್ತೆ ಅಂತ ಮೇಲೆ ಜಾಲರಿ. ನೀರು ಬದಲಾಯಿಸುವಾಗ ಹಳೇದು ತೆಂಗಿನ ಬುಡಕ್ಕೆ, ಚರಂಡಿಗಲ್ಲ.

ನಿನ್ನೆ ವಿಡಿಯೋ ಕಾಲ್‌ನಲ್ಲಿ ತೋರಿಸಿದಳು. ಸೌತೆಕಾಯಿ ಹೋಳಿಗೆ ಬಾಯಿ ಅಂಟಿಸಿಕೊಂಡು ಕೂತಿತ್ತು.